ಗುರುವಾರದ ಗಿಟಾರ್

"ಈ ಗಿಟಾರ್ ರೆಡಿ ಮಾಡಿದ್ದು ಯಾರು?"

ಬಾಗಿಲು ತಳ್ಳಿಕೊಂಡು ಬಂದವನು ಎಲೆಕ್ಟ್ರಿಕ್ ಗಿಟಾರಿನ ಚೀಲವನ್ನು ಕೌಂಟರ್ ಮೇಲಿಟ್ಟು ಕೇಳಿದ. ಒಳಗಿನ ಮೇಜಿನ ಮುಂದೆ ಕೂತಿದ್ದ ಅವಳ ಎದೆ ಧಸಕ್ಕೆಂದಿತು.

ಸೋದರಮಾವನ ವಾದ್ಯದಂಗಡಿಯಲ್ಲಿ ರಿಪೇರಿ ಕೆಲಸವನ್ನು ಅವಳೊಬ್ಬಳೇ ವಹಿಸಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ದೂರು ಬಂದರೆ ಮತ್ತೆ ಕೌಂಟರಿನಲ್ಲಿ ಕೂರಿಸುತ್ತೇನೆ ಎಂದು ಮಾವ ಮೊದಲೇ ಹೇಳಿದ್ದರು.

"ನಾನೇ," ಎಂದಳು ಎದ್ದು ನಿಂತು.

ಅವನು ತಬ್ಬಿಬ್ಬಾದ. ಜಗಳಕ್ಕೆಂದೇ ಬಂದವನ ದನಿ ಅರ್ಧಕ್ಕಿಳಿಯಿತು. ಹಿಂದಿನ ದಿನ ಕಾರ್ಯಕ್ರಮದಲ್ಲಿ ತಂತಿಗಳು ಪ್ರತಿ ಸ್ವರಕ್ಕೂ ಜರ್ರೆಂದು ಕಿರುಗುಟ್ಟಿದವಂತೆ. ಬ್ಯಾಂಡಿನವರೆಲ್ಲ ತಿರುಗಿ ನೋಡಿದರಂತೆ.

ಅವಳಿಗೂ ರೋಷ ಬಂತು. ಬೆರಳು ಸೋಕಿದರೆ ಸಾಕು, ಹಾಡಬೇಕು... ಅಷ್ಟು ಅಕ್ಕರೆಯಿಂದ ತಂತಿಗಳನ್ನು ಕತ್ತಿನ ಸಮೀಪಕ್ಕೆ ತಗ್ಗಿಸಿದ್ದೆನಲ್ಲ!

"ಇಲ್ಲೇ ಕೂತು ನುಡಿಸಿ. ನೋಡೇಬಿಡ್ತೀನಿ."

ಅವನು ನುಡಿಸಿದ. ಅವಳು ಅವನ ಕೈಗಳನ್ನೇ ನೋಡಿದಳು. ಬೇಕರಿಯಲ್ಲಿ ದಿನವೂ ಹಿಟ್ಟು ನಾದುವ ಕೈಗಳವು ಎಂದು ಆಮೇಲೆ ತಿಳಿಯಿತು. ತಂತಿಯನ್ನೂ ಅದೇ ಬಲದಿಂದ ಮೀಟುತ್ತಿದ್ದ, ತಗ್ಗಿಸಿದ ತಂತಿ ಕತ್ತಿಗೆ ಬಡಿದು ಕಿರುಗುಟ್ಟುತ್ತಿತ್ತು! ಅವಳು ಗಿಟಾರನ್ನು ಹೊಂದಿಸಿದ್ದು ತನ್ನ ಹಗುರ ಬೆರಳುಗಳಿಗೆ. ಆ ಕೈಗಳನ್ನು ಒಮ್ಮೆಯೂ ನೋಡಿರಲಿಲ್ಲ.

"ತಪ್ಪು ನಂದೇ," ಎಂದಳು ಮೆಲ್ಲಗೆ. "ಒಂದು ಗಂಟೆ ಕೊಡಿ."

ದಪ್ಪ ತಂತಿಗಳನ್ನು ಹಾಕಿದಳು. ಅವುಗಳ ಎಳೆತಕ್ಕೆ ಗಿಟಾರಿನ ಕತ್ತು ಬಾಗದಂತೆ, ಒಳಗಿನ ಸಲಾಕೆಯನ್ನು ಕಾಲು ಸುತ್ತು ಬಿಗಿ ಮಾಡಿದಳು. ತಂತಿಗಳ ಬುಡದ ಪುಟ್ಟ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸುತ್ತಾ, ಕಿರುಗುಟ್ಟುವುದು ನಿಲ್ಲುವವರೆಗೆ ತಂತಿಗಳನ್ನು ಎತ್ತರಿಸಿದಳು. ಪ್ರತಿ ಸಲವೂ ಅವನು ನುಡಿಸಿ ತೋರಿಸಿದ. ಕೊನೆಗೊಮ್ಮೆ ಸ್ವರ ತಿಳಿಯಾಗಿ, ತುಂಬಿಕೊಂಡು ಬಂತು. ಅವನು ಕಣ್ಣರಳಿಸಿ ನಕ್ಕ.

ಅಯ್ಯೋ, ಈ ಮನುಷ್ಯ ನಕ್ಕರೆ ಹೀಗಿರುತ್ತಾನಾ... ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಮೇಜಿನಡಿ ಉರುಳಿತು.

ಮುಂದಿನ ಗುರುವಾರ ಅವನು ಮತ್ತೆ ಬಂದ. ಎರಡನೇ ತಂತಿ ಯಾಕೋ ಎತ್ತರವಾಗಿದೆ ಎಂದ. ಅದರ ಮುಂದಿನ ಗುರುವಾರ ಐದನೆಯದು ತಗ್ಗಾಗಿತ್ತು. ಸರಿಮಾಡುತ್ತಾ ಮಾತು ಬೆಳೆಯುತ್ತಿತ್ತು, ನಗು ಬೆಳೆಯುತ್ತಿತ್ತು. ಬುಧವಾರ ಬಂತೆಂದರೆ ನಾಳೆ ಯಾವ ಬಟ್ಟೆ ಹಾಕಲಿ ಎಂದು ಅವಳು ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು.

ಆದರೆ ಮಾವ ಹುಬ್ಬೇರಿಸಿದರು. ಒಂದೇ ಗಿಟಾರ್ ವಾರವಾರ ವಾಪಸ್ ಬರುತ್ತಿದೆಯೆಂದರೆ ಕೆಲಸ ಸರಿಯಾಗಿಲ್ಲವೆಂದೇ ಅರ್ಥ ಎಂದರು. ಆ ಮಾತು ಅವಳಿಗೆ ಚುಚ್ಚಿತು. ಈ ಸಲ ಪ್ರತಿ ಸ್ಕ್ರೂ ಮೇಲೂ ಒಂದೊಂದು ಹನಿ ನೇಲ್ ಪಾಲಿಶ್ ಹಾಕಿ ಕಳಿಸಿದಳು. ತಾನಾಗಿಯೇ ಸಡಿಲಾಗಲು ಸಾಧ್ಯವೇ ಇರಲಿಲ್ಲ.

ನಾಲ್ಕನೇ ಗುರುವಾರ ನೋಡಿದರೆ ಪಾಲಿಶ್ ಬಿರುಕು ಬಿಟ್ಟಿತ್ತು. ಯಾರೋ ಸ್ಕ್ರೂ ತಿರುಗಿಸಿದ್ದರು!

ನನ್ನ ಕೆಲಸದ ಮೇಲೆ ನಂಬಿಕೆಯಿಲ್ಲದೆ ಬೇರೆ ಅಂಗಡಿಯಲ್ಲಿ ತೋರಿಸುತ್ತಿದ್ದಾನೆ... ಇಲ್ಲಿ ಬಂದು ನಗುತ್ತಾ ಕೂರುತ್ತಾನೆ... ಅವಳಿಗೆ ಕಣ್ಣು ತುಂಬಿ ಬಂತು.

"ಇನ್ಮುಂದೆ ಈ ಸ್ಕ್ರೂ ತಿರುಗಿಸಿದವ್ರ ಹತ್ರಾನೇ ಮಾಡಿಸ್ಕೊಳ್ಳಿ. ಇಲ್ಲಿಗೆ ಬರ್ಬೇಡಿ."

ಅವನ ಮುಖ ಬಿಳಿಚಿತು. ಗಿಟಾರ್ ಎತ್ತಿಕೊಂಡು ಹೊರಟೇಹೋದ.

ಎರಡು ಗುರುವಾರ ಬಾಗಿಲು ತೆರೆದಾಗಲೆಲ್ಲ ಅವಳು ತಲೆಯೆತ್ತಿದಳು. ಅವನು ಬರಲಿಲ್ಲ.

ಮರುದಿನ ಬಂದದ್ದು ಅವನ ತಂಗಿ, ಅದೇ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವಳು. ಡ್ರಮ್ಮಿನ ಕಡ್ಡಿ ಕೊಳ್ಳುವ ನೆಪ ಮಾಡಿ ಅವಳನ್ನೇ ದಿಟ್ಟಿಸಿದಳು.

"ಅಕ್ಕಾ, ನಮ್ಮಣ್ಣಂಗೆ ಏನಂದ್ರಿ? ಎರಡು ವಾರದಿಂದ ಸುಟ್ಟ ಬ್ರೆಡ್ ತಿಂದು ಸಾಕಾಗಿದೆ."

ಬೇರೆ ಅಂಗಡಿಯ ವಿಷಯ ಕೇಳಿದಾಗ ತಂಗಿ ಬಿದ್ದುಬಿದ್ದು ನಕ್ಕಳು.

"ಯಾವ ಅಂಗಡಿ? ಪ್ರತಿ ಬುಧವಾರ ರೂಮಿನ ಬಾಗಿಲು ಹಾಕ್ಕೊಂಡು ಸ್ಕ್ರೂ ತಿರುಗಿಸ್ತಿದ್ದಿದ್ದು ಅವನೇ. ಗುರುವಾರ ಅವನಿಗೆ ರಜೆ ನೋಡಿ."

ಅವಳ ಕಿವಿಯವರೆಗೂ ಬಿಸಿಯೇರಿತು. ಏಪ್ರನ್ ಬಿಚ್ಚುವುದನ್ನೂ ಮರೆತು ಬಾಗಿಲಿಗೆ ಓಡಿದಳು. ಎಲ್ಲಿಗೆಂದು ಮಾವ ಕೇಳಿದರು.

"ಒಂದು ದೂರಿದೆ ಮಾವ, ಮುಗಿಸ್ಕೊಂಡು ಬರ್ತೀನಿ."

ಬೇಕರಿಯ ಹಿಂಬದಿಯಲ್ಲಿ ಅವನು ಮೊಣಕೈವರೆಗೆ ಹಿಟ್ಟಿನಲ್ಲಿ ಮುಳುಗಿದ್ದ. ಅವಳನ್ನು ಕಂಡವನೇ ಕಲ್ಲಾದ.

"ನನ್ನ ಕೆಲಸಾನೇ ಹೋಗೋದ್ರಲ್ಲಿತ್ತು, ಗೊತ್ತಾ?" ಏದುಸಿರು ಬಿಡುತ್ತಾ ಕೇಳಿದಳು.

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಈಗಲೇ ಬಂದು ಮಾವನಿಗೆ ಎಲ್ಲವನ್ನೂ ಹೇಳುತ್ತೇನೆ ಎಂದು ತಡವರಿಸಿದ.

"ಮಾವನಿಗೆ ಆಮೇಲೆ. ಮೊದ್ಲು ನನಗೆ ಹೇಳಿ. ಇಷ್ಟ ಅನ್ನೋ ಒಂದು ಮಾತಿಗೆ ಸ್ಕ್ರೂಡ್ರೈವರ್ ಬೇಕಿತ್ತಾ?"

"ಬೇಡವಾಗಿತ್ತು," ಎಂದ ಅವನು. "ಇಷ್ಟ... ತುಂಬಾ ಇಷ್ಟ."

"ಯಾರು?"

"ನೀವು."

ಅವಳು ಹತ್ತಿರ ಬಂದು, ಹಿಟ್ಟು ಮೆತ್ತಿದ ಆ ಕೈಯನ್ನು ಹಿಡಿದುಕೊಂಡಳು.

"ಇನ್ನೊಂದ್ಸಲ ಸರಿಯಾಗಿ ಹೇಳು."

ಅವನು ಅವಳ ಕಣ್ಣುಗಳನ್ನೇ ನೋಡಿದ.

"ನೀನು."