ಹಾರುವ ಕತ್ತೆ, ತೆರೆಯದ ಬಾಗಿಲು

“ನಿಲ್ಸಿ! ಈಗಲೇ ನಿಲ್ಸಿ!”

ಕಂಪ್ಯೂಟರ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಮೂವತ್ತು ಜನ ಒಮ್ಮೆಲೇ ತಿರುಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದವಳ ಮೂಗಿನ ತುದಿ ಕೆಂಪಾಗಿತ್ತು. ಕಣ್ಣೂ ಕೆಂಪು.

ಗೋಡೆಯ ಮೇಲಿನ ಪರದೆಯಲ್ಲಿ, ಟಪಾಲು ಮೂಟೆ ಹೊತ್ತ ಕತ್ತೆಯೊಂದು ನಡೆಯುವುದು ಬಿಟ್ಟು ನೆಟ್ಟಗೆ ಆಕಾಶಕ್ಕೆ ಏರುತ್ತಿತ್ತು.

ಅವಳು ದಾಪುಗಾಲು ಹಾಕಿ ಹೋಗಿ ವೈರನ್ನೇ ಕಿತ್ತಳು.

“ಅಲ್ಲಾ ರೀ, ಯಾರು ನೀವು?” ಎಂದ ಅಂಗಡಿಯವನು, ಕೈಯಲ್ಲಿ ಆಟದ ಕಂಟ್ರೋಲರ್ ಹಿಡಿದುಕೊಂಡೇ.

“ಆ ಕತ್ತೆಯ ತಾಯಿ!”

ಮುಂದಿನ ಸಾಲಿನಲ್ಲಿದ್ದ ನಿವೃತ್ತ ನರ್ಸಮ್ಮ ಕರವಸ್ತ್ರ ಬಾಯಿಗೊತ್ತಿಕೊಂಡು ಕಿಸಕ್ಕನೆ ನಕ್ಕರು.

ನಗಲಿ ಬಿಡು... ಲೋಕವೇ ನಗ್ತಿದೆ, ಇವರೊಬ್ಬರು ಯಾಕೆ ಬಾಕಿ!

ಮೂರು ವರ್ಷ. ಅವಳು ಕಂಪ್ಯೂಟರ್ ಆಟವೊಂದನ್ನು ಕಟ್ಟಿದ್ದಳು, ಅಕ್ಕ ಅದಕ್ಕೆ ಚಿತ್ರ ಬರೆದಿದ್ದಳು. ಗುಡ್ಡದ ಮೇಲಿನ ದೀಪಸ್ತಂಭಕ್ಕೆ ಪತ್ರ ಒಯ್ಯುವ ಅಂಚೆಯವಳ ಕಥೆ. ಬಿಡುಗಡೆಯಾದ ವಾರದಲ್ಲೇ ಜನ ಅದರ ತುಣುಕುಗಳನ್ನು ಹಂಚಿಕೊಂಡು ಆಡಿಕೊಂಡರು. ‘ಬಾ ಮಗಳೇ, ಕೂತ್ಕೋ’ ಎನ್ನುತ್ತಲೇ ಕುತ್ತಿಗೆತನಕ ನೆಲದೊಳಗೆ ಇಳಿದುಹೋಗುವ ಅಜ್ಜಿ. ಹಾರುವ ಕತ್ತೆ. ಎಲ್ಲ ಅವಳು ಬರೆದ ಪ್ರೋಗ್ರಾಮಿನ ತಪ್ಪುಗಳೇ. ‘ಇವತ್ತು ಸಂಜೆ ಆರರೊಳಗೆ ಆಟವನ್ನ ನೆಟ್‌ನಿಂದ ತೆಗೆದುಬಿಡು, ಇನ್ನು ಈ ಮಾತೇ ಬೇಡ’ ಅಂತ ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಅವಳೂ ಹೂಂ ಅಂದಿದ್ದಳು. ಹಾಗೇ ಮನಸ್ಸು ಸರಿಯಿಲ್ಲದೆ ನಡೆದು ಬರುವಾಗ ಈ ಅಂಗಡಿಯ ಗಾಜಿನ ಮೇಲೆ ಚೀಟಿ ಕಂಡಿತ್ತು: ‘ಸೋತ ಆಟಗಳ ಸಂಜೆ. ಇಂದು ಕತ್ತೆಯ ಆಟ!’

“ಕೂತ್ಕೊಳ್ಳಿ,” ಎಂದ ಅಂಗಡಿಯವನು ಮೆತ್ತಗೆ. “ನಮ್ಮಲ್ಲೊಂದು ಕಟ್ಟಳೆ ಇದೆ. ಯಾವ ಆಟ ನೋಡಿ ನಗ್ತೀವೋ ಅದನ್ನ ಆಡಿ ಮುಗಿಸ್ಲೇಬೇಕು. ಅರ್ಧಕ್ಕೆ ಎದ್ದು ಹೋಗೋ ಹಾಗಿಲ್ಲ.”

“ಇದನ್ನ ಮುಗಿಸೋಕೇ ಆಗಲ್ಲ!”

ಅಯ್ಯೋ... ಬಾಯಿಂದ ಜಾರಿಯೇ ಹೋಯಿತು. ಅಕ್ಕನಿಗೂ ಹೇಳದ ಗುಟ್ಟು ಅದು. ದೀಪಸ್ತಂಭದ ತುದಿಯ ಬಾಗಿಲನ್ನು ಪರೀಕ್ಷೆ ಮಾಡುವಾಗ ಮುಚ್ಚಿದವಳು, ಮತ್ತೆ ತೆರೆಯಲು ಮರೆತಿದ್ದಳು. ಯಾರೂ ದೂರು ಕೊಡಲಿಲ್ಲ. ಅಲ್ಲಿತನಕ ಯಾರಾದರೂ ಹೋಗಿದ್ದರೆ ತಾನೇ! ಎಲ್ಲರ ನಗುವಿಗಿಂತ ಅವಳನ್ನು ಹೆಚ್ಚು ಚುಚ್ಚಿದ್ದು ಅದೇ.

“ಗೊತ್ತು,” ಎಂದ ಅವನು. “ಮೇಲಿನ ಬಾಗಿಲು ಅಲ್ವಾ? ಒಂಬತ್ತು ಸಲ ಅದರ ಮುಂದೆ ನಿಂತಿದ್ದೀನಿ. ನಿಮಗೆ ನಾಲ್ಕು ಮೇಲ್ ಹಾಕಿದೆ...”

ಆ ಮೇಲ್‌ಗಳ ತಲೆಬರಹ ಅವಳಿಗೆ ನೆನಪಿತ್ತು. ‘ನಿಮ್ಮ ಕತ್ತೆಯ ವಿಷಯ’... ಅಣಕಿಸೋಕೆ ಇನ್ನೊಬ್ಬ ಬಂದ ಅಂದುಕೊಂಡು ಓದದೇ ಅಳಿಸಿದ್ದಳು. ನಾಲ್ಕನ್ನೂ!

“ಒಂಬತ್ತು ಸಲ... ಯಾಕೆ?”

“ಅಂಚೆಯವಳು ಸುಸ್ತಾದಾಗ ಕಲ್ಲಿನ ಮೇಲೆ ಕೂತು ಚಪ್ಪಲಿಯ ಮರಳು ಕೊಡವ್ತಾಳಲ್ಲ...” ಅವನು ತಲೆ ತಗ್ಗಿಸಿದ. “ಅಷ್ಟು ಸಣ್ಣದನ್ನ ಯೋಚಿಸಿದವರು ಬಾಗಿಲ ಹಿಂದೆ ಏನಾದ್ರೂ ಇಟ್ಟೇ ಇರ್ತಾರೆ ಅನ್ನಿಸ್ತು. ಏನಿದೆ ರೀ ಒಳಗೆ?”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಕ್ಕ!

“ತೆಗೆದ್ಯಾ? ಆರಾಯ್ತು.”

“ಇಲ್ಲ. ತೆಗೆಯಲ್ಲ.”

“ಏನೇ ಇದು! ಜನ ನಗ್ತಿದ್ದಾರೆ ಕಣೇ!”

“ನಗಲಿ ಅಕ್ಕಾ! ಕೆಡಿಸಿದ್ದು ನಾನು, ಸರಿ ಮಾಡೋಳೂ ನಾನೇ. ಮುಖ ಮುಚ್ಕೊಂಡು ಓಡೋಳಲ್ಲ!”

ಆ ಕಡೆಯಿಂದ ಉದ್ದನೆಯ ನಿಟ್ಟುಸಿರು. “ಹಾಗಾದ್ರೆ ಕತ್ತೆಯನ್ನೂ ಕೆಳಗಿಳಿಸ್ತೀಯಾ?”

“ಅದರ ತಂಟೆಗೆ ಮಾತ್ರ ಹೋಗಲ್ಲ. ಹಾರಲಿ!”

ಅಕ್ಕ ಪಕ್ಕನೆ ನಕ್ಕುಬಿಟ್ಟಳು. ಎಷ್ಟು ದಿನದ ಮೇಲೆ!

ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಎಲ್ಲರೆದುರೇ ನೆಲದ ಮೇಲೆ ಕೂತಳು. ಬಾಗಿಲಿನ ತಪ್ಪು ತಿದ್ದಿ, ಹೊಸ ಆಟವನ್ನು ಅವನ ಕಂಪ್ಯೂಟರಿಗೆ ಹಾಕಲು ಇಪ್ಪತ್ತು ನಿಮಿಷ ಹಿಡಿಯಿತು; ಯಾರೂ ಎದ್ದು ಹೋಗಲಿಲ್ಲ.

“ಈಗ ಆಡಿ,” ಎಂದಳು, ವೈರನ್ನು ತಾನೇ ಸಿಕ್ಕಿಸಿ.

ಅವನು ಕೊನೆಯ ಮೆಟ್ಟಿಲ ಹತ್ತಿರ ಉಳಿಸಿಟ್ಟಿದ್ದ ಆಟವನ್ನು ತೆರೆದ. ಅಂಚೆಯವಳು ಬಾಗಿಲು ತಳ್ಳಿದಳು. ತೆರೆಯಿತು!

ಒಳಗೆ ಒಂದು ದೀಪ, ಎರಡು ಕುರ್ಚಿ, ಒಂದರಲ್ಲಿ ದೀಪ ಕಾಯುವ ಮುದುಕ. ಅಷ್ಟು ದೂರ ಹೊತ್ತು ತಂದ ಪತ್ರ ತಾನಾಗಿಯೇ ಬಿಚ್ಚಿಕೊಂಡಿತು. ‘ಇಲ್ಲಿತನಕ ಬಂದ್ರಾ? ಯಾರಾದ್ರೂ ಬಂದೇ ಬರ್ತಾರೆ ಅಂತ ಕಾಯ್ತಾ ಇದ್ದೆ.’

ನರ್ಸಮ್ಮ ಮೂಗೊರೆಸಿಕೊಂಡರು. ಅದೇ ಹೊತ್ತಿಗೆ, ಸ್ವಾಗತಿಸಲೆಂದು ದೀಪಸ್ತಂಭದ ಮುದುಕ ಎದ್ದು ನಿಂತ. ಮೀಸೆ ಮಾತ್ರ ಕುರ್ಚಿಯಲ್ಲೇ ಉಳಿಯಿತು!

ಮೊದಲು ನಕ್ಕವಳು ಅವಳೇ. ಬಿದ್ದು ಬಿದ್ದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಕೋಣೆಯೇ ಹಾರಿಹೋಗುವಷ್ಟು ಗದ್ದಲ. ಆ ಗದ್ದಲದ ನಡುವೆ ಅವನು ಅವಳ ಕಿವಿಯ ಹತ್ತಿರ ಬಾಗಿ ಏನೋ ಅಂದ.

“ಏನು? ಕೇಳಿಸ್ಲಿಲ್ಲ.”

“ಆಮೇಲೆ ಹೇಳ್ತೀನಿ ಬಿಡಿ... ಜನ ಇದ್ದಾರೆ.”

“ಇರಲಿ!” ಅವಳು ಸೊಂಟದ ಮೇಲೆ ಕೈಯಿಟ್ಟಳು. “ನನ್ನ ಕತ್ತೆ ನೋಡಿ ಇವರೆಲ್ಲರ ಮುಂದೆ ನಕ್ಕಿಲ್ವಾ? ಇದನ್ನೂ ಇವರ ಮುಂದೇನೇ ಹೇಳಿ!”

ಅವನ ಕಿವಿ ಕೆಂಪಾಯಿತು. ಕಂಟ್ರೋಲರ್ ಕೆಳಗಿಟ್ಟು, ಎದ್ದು ನಿಂತ.

“ಈ ಆಟ ಮಾಡಿದವರು ಹೇಗಿರ್ತಾರೋ ಅಂತ ದಿನಾ ನೆನೆಸ್ಕೊಳ್ತಿದ್ದೆ. ಇವತ್ತು ನೋಡಿದೆ. ನೀವು ನಂಗೆ ಇಷ್ಟ... ತುಂಬಾ ಇಷ್ಟ.”

“ಹಿಂದಿನ ಸಾಲಿಗೂ ಕೇಳಿಸ್ತು,” ಎಂದರು ನರ್ಸಮ್ಮ. “ನೀನೇನಂತೀಯಮ್ಮಾ?”

ಅವಳು ಮೂವತ್ತು ಮುಖಗಳನ್ನೂ ಒಮ್ಮೆ ನೋಡಿದಳು. ಆಮೇಲೆ ಅವನ ಕೈ ಹಿಡಿದುಕೊಂಡಳು.

“ನಂಗೂ.”