ಒದ್ದೆ ಬೆಡ್‌ಶೀಟಿನ ಆಚೆ ಬದಿ

"ಈ ಬೆಡ್‌ಶೀಟ್ ಸ್ವಲ್ಪ ಸರಿಸ್ತೀರಾ?"

ಒದ್ದೆ ಬಟ್ಟೆಯ ಆಚೆಯಿಂದ ಗಂಡು ದನಿ. ಬಟ್ಟೆ ಹರವುತ್ತಿದ್ದ ಅವಳು ಬೆಚ್ಚಿ ಹಿಂದೆ ಸರಿದಳು. ಅತ್ತಿಗೆಯ ಲಾಂಡ್ರಿಯ ತಾರಸಿಗೆ ಅವಳಲ್ಲದೆ ಯಾರೂ ಹತ್ತುತ್ತಿರಲಿಲ್ಲ.

ವೈರಿನ ಸುರುಳಿ ಹೆಗಲಿಗೇರಿಸಿದ್ದವನು ಗೋಡೆಯ ಮೇಲಿನ ಬಿಳಿ ತಟ್ಟೆ ತೋರಿಸಿದ.

"ನಾನು ನೆಟ್‌ನವನು. ಕೆಳಗೆ ಲಾಂಡ್ರಿಯವರನ್ನ ಕೇಳೇ ಬಂದೆ. ಈ ತಟ್ಟೆಯಿಂದ ಎದುರು ಬಿಲ್ಡಿಂಗಿಗೆ ಗಾಳಿಯಲ್ಲೇ ಸಿಗ್ನಲ್ ಹೋಗುತ್ತೆ. ಮಧ್ಯೆ ಒದ್ದೆ ಬಟ್ಟೆ ಬಂದ್ರೆ ನೀರು ಅದನ್ನ ಹೀರುತ್ತೆ. ಆಮೇಲೆ ಅಲ್ಲಿರೋ ಹಲ್ಲಿನ ಡಾಕ್ಟರು ನನ್ನ ಪ್ರಾಣ ಹೀರ್ತಾರೆ."

ಹೊಸಬರ ಮುಂದೆ ತಲೆ ಎತ್ತದವಳು ನಕ್ಕುಬಿಟ್ಟಳು.

ಅಂದಿನಿಂದ ಆ ಹಗ್ಗಕ್ಕೆ ಬಟ್ಟೆ ಬಿದ್ದಾಗಲೆಲ್ಲ ಅವನು ಹಾಜರು. ಒಂದು ತುದಿ ಅವನು, ಇನ್ನೊಂದು ತುದಿ ಅವಳು ಹಿಡಿದು ಆಚೆಯ ಹಗ್ಗಕ್ಕೆ ಸಾಗಿಸುವರು.

ಬೇರೆ ಕಡೆ ಒಣಹಾಕಬಹುದಿತ್ತಲ್ಲ... ಯಾಕೆ ಹಾಕುತ್ತಿಲ್ಲ? ತನ್ನನ್ನೇ ಕೇಳಿಕೊಳ್ಳುತ್ತ ಅವಳು ಮತ್ತೆ ಆ ಹಗ್ಗಕ್ಕೇ ಹರವುವಳು.

"ಕಣ್ಣಿಗೆ ಕಾಣದ ಸಿಗ್ನಲ್ಲಿಗೆ ಆ ಪುಣ್ಯಾತ್ಮ ಎಷ್ಟು ಸಲ ಮೆಟ್ಟಿಲು ಹತ್ತೋದು?" ಅತ್ತಿಗೆ ಇಸ್ತ್ರಿ ಒತ್ತುತ್ತಲೇ ಕುಟುಕುವರು.

ಒಂದು ದಿನ ಡಾಕ್ಟರ ಬಿಳಿ ಕೋಟು ಒಗೆಯಲು ತಂದ ನರ್ಸಮ್ಮನನ್ನು ಅವಳು ಮೆಲ್ಲಗೆ ಕೇಳಿದಳು, "ನೆಟ್ ಈಗ ಸರಿಯಾಗಿ ಬರುತ್ತಾ?"

"ನೆಲದಡಿ ಕೇಬಲ್ ಎಳೆದು ತಿಂಗಳಾಯ್ತಲ್ಲಮ್ಮ. ಆ ತಟ್ಟೆ ಬರೀ ಕಾಗೆ ಕೂರೋಕೆ."

ಅವಳ ಕೈಯಲ್ಲಿದ್ದ ಕೋಟು ಜಾರಿತು.

ತಿಂಗಳಿಂದ ಸುಮ್ಮನೆ ಆ ಭಾರ ಹೊರಿಸಿದನೇ? ಓದು ಬಿಟ್ಟವಳು, ಇವಳಿಗೇನು ತಿಳಿಯುತ್ತೆ ಅಂತ ಆಟವಾಡಿಸಿದನೇ? ಅಥವಾ...

ಆ 'ಅಥವಾ' ದಾಟಲು ಅವಳಿಗೆ ಧೈರ್ಯ ಬರಲಿಲ್ಲ.

ಮರುದಿನ ಇದ್ದಬದ್ದ ಬೆಡ್‌ಶೀಟನ್ನೆಲ್ಲ ಆ ಹಗ್ಗಕ್ಕೇ ಗೋಡೆಯಂತೆ ಹರವಿದಳು. ಬಟ್ಟೆಯಡಿ ಅವನ ಬೂಟು ಕಂಡಿತು.

"ಸಿಗ್ನಲ್ಲು..."

"ಯಾವ ಸಿಗ್ನಲ್ಲು?" ಅವಳು ಮಧ್ಯದಲ್ಲೇ ತಡೆದಳು. "ಕೇಬಲ್ ಬಂದಿದೆಯಂತಲ್ಲ. ನನ್ನ ಪೆದ್ದಿ ಅಂದ್ಕೊಂಡ್ರಾ?"

ಬೂಟು ಒಂದು ಹೆಜ್ಜೆ ಹತ್ತಿರ ಬಂತು.

"ಪೆದ್ದ ನಾನು. ಕೇಬಲ್ ಎಳೆದವನೂ ನಾನೇ. ಎಳೆದು ಮುಗಿಸಿದ ಮೇಲೆ ಹೊಳೀತು, ಇಲ್ಲಿಗೆ ಬರೋಕೆ ಇನ್ನು ನೆಪ ಇಲ್ಲ ಅಂತ. ತಟ್ಟೆ ಬಿಚ್ಚೋಕೆ ಹೇಳಿದ್ದಾರೆ... ಕೈ ಬರ್ತಿಲ್ಲ."

ಸಿಟ್ಟೋ, ಸಂತೋಷವೋ... ಅವಳು ಬೆಡ್‌ಶೀಟಿನ ಅಂಚು ಬಿಗಿಯಾಗಿ ಹಿಡಿದಳು.

"ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲ?"

"ನೀವು ನೆಲ ನೋಡ್ಕೊಂಡೇ ಮಾತಾಡ್ತೀರಿ. ಇಷ್ಟವೋ, ಬೇಸರವೋ ತಿಳೀಲಿಲ್ಲ."

"ನನಗೂ ತಿಳಿದಿರ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನೆ ಅತ್ತಾಗ ತಿಳೀತು."

ಅವಳೇ ಬೆಡ್‌ಶೀಟು ಪಕ್ಕಕ್ಕೆ ಸರಿಸಿದಳು. ಅವನ ಕಣ್ಣೂ ಒದ್ದೆ.

"ಹಾಗಾದ್ರೆ ತಟ್ಟೆ ಬಿಚ್ಚಲಾ?"

"ಬಿಚ್ಚಿ. ಆಮೇಲೆ ಅತ್ತಿಗೆ ಹತ್ರ ಹೋಗಿ."

"ಏನು ಕೆಲಸ ಅಂತ ಕೇಳಿದ್ರೆ?"

ಮೊದಲ ಸಲ ಅವನ ಮುಖವನ್ನೇ ನೇರ ನೋಡುತ್ತ ಅವಳೆಂದಳು, "ನಿಜ ಹೇಳಿ."