ಒಲೆ ಉರಿಯುವ ತನಕ

"ನಿಲ್ಲಸ್ರಿ! ಒಳಗ ಮಂದಿ ಅದೀವಿ!"

ಕೂಗುತ್ತಲೇ ಶಾಮಲಾ ಹೊಸ್ತಿಲು ದಾಟಿ ಬಂದಳು. ಅವಳ ಮನೆಯ ಗೋಡೆಯ ಮೇಲೆ ಬೀಳಬೇಕಿದ್ದ ಸುತ್ತಿಗೆ, ಕೆಡವಲು ಬಂದಿದ್ದ ಯುವಕನ ತಲೆಯ ಮೇಲೆ ಗಾಳಿಯಲ್ಲೇ ನಿಂತಿತು.

ರೆಪ್ಪೆಯ ತುದಿಯವರೆಗೂ ಸುಣ್ಣದ ಧೂಳು. ಅದರ ನಡುವೆ ಎರಡು ಕರಿ ಕಣ್ಣುಗಳು... ಅವಳನ್ನೇ ನೋಡುತ್ತಿದ್ದವು.

"ಕನ್ನಡದವರೇನ್ರಿ?" ಹೈದರಾಬಾದಿನ ಗಲ್ಲಿಯಲ್ಲಿ ತನ್ನ ಭಾಷೆ ಕೇಳಿ ಅವನು ಬೆರಗಾದ.

"ಯಾವ ಭಾಷಾದಾಗ ಅತ್ರ ಸುತ್ತಗಿ ಇಳಸ್ತೀರಿ, ಹೇಳ್ರಿ. ಅದರಾಗ ಅಳತೀನಿ!"

ಇಟ್ಟಿಗೆ ಒಟ್ಟುತ್ತಿದ್ದ ಮುದುಕ ಸೂಗಪ್ಪ ಗಹಗಹಿಸಿ ನಕ್ಕ. "ಕಾಶಿನಾಥ, ನಿನ್ನ ಸುತ್ತಗಿಗಿಂತ ಈಕಿ ಬಾಯಿ ಭಾಳ ಜೋರ್ ಐತಲ್ಲೋ!"

ಕಾಶಿನಾಥ ನಗಲಿಲ್ಲ. ಬಾಗಿಲಲ್ಲಿ ಇಣುಕಿ ಒಂದು ವಿಚಿತ್ರ ಪ್ರಶ್ನೆ ಕೇಳಿದ.

"ಅಕ್ಕಾರ, ಒಲಿ ಹತ್ತೈತೇನ್ರಿ?"

ಒಳಗೆ ಅವ್ವ ಬಂಡೆಮ್ಮ ರೊಟ್ಟಿ ಬಡಿಯುತ್ತಿದ್ದಳು. "ಹತ್ತೈತಿ. ಯಾಕ್ರಿ?"

ಅವನು ಸುತ್ತಿಗೆಯನ್ನು ನೆಲಕ್ಕಿಟ್ಟ. "ಹಂಗಾರ ಇವತ್ತ ಮುಟ್ಟಂಗಿಲ್ಲ. ಒಲಿ ಉರಿಯೋ ಮನಿಗೆ ಹತ್ಯಾರ ಹಚ್ಚಬಾರದು ಅಂತ ನಮ್ಮ ಹಿರ್ಯಾರ ಕಟ್ಟ ಐತ್ರಿ."

ಶಹಾಪುರದ ಕಡೆಯಿಂದ ಬಂದ ಕೆಡವುವ ತಂಡಕ್ಕೆ ಅವನೇ ಮೇಸ್ತ್ರಿ. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಹನ್ನೊಂದು ಕೋಣೆಗಳ ಆ ವಠಾರವನ್ನು ಮಾಲೀಕ ಬಿಲ್ಡರ್ ನರಹರಿಗೆ ಮಾರಿದ್ದ. ಹೈಟೆಕ್ ಸಿಟಿಯ ಕೆಲಸ ಹುಡುಕಿ ಇಡೀ ದೇಶವೇ ಹೈದರಾಬಾದಿಗೆ ಬಂದಿಳಿಯುತ್ತಿದ್ದ ವರ್ಷಗಳು ಅವು. ಹಳೆಯ ಊರಿನ ಅಂಗಡಿಕಾರರೂ ಇನ್ನು ಫ್ಲ್ಯಾಟಿಗೇ ಆಸೆಪಡುತ್ತಾರೆ ಎಂದು ನರಹರಿ ಲೆಕ್ಕ ಹಾಕಿದ್ದ.

ಹತ್ತು ಮನೆಯವರು ಬಿಟ್ಟು ಹೋಗಿದ್ದರು. ಹೃದಯದ ಕಾಯಿಲೆಯ ಬಂಡೆಮ್ಮ ಮಾತ್ರ ಕದಲಲಿಲ್ಲ. ಹುಮನಾಬಾದಿನಿಂದ ಮದುವಣಗಿತ್ತಿಯಾಗಿ ಬಂದಿಳಿದ ಕೋಣೆ ಅದು.

"ನನ್ನ ಹೆಣ ಈ ಬಾಗಲದಿಂದನ ಹೋಗಬೇಕವ್ವಾ. ಅಲ್ಲೀತನಕ ಈ ಕೋಣಿ ಬಿಡಬ್ಯಾಡ."

ಶಾಮಲಾಳಿಗೆ ಬೇರೆ ಆಸೆ ಇರಲಿಲ್ಲ. ಅವ್ವ ಇರುವ ತನಕ ಆ ಕೋಣೆ ಉಳಿಯಬೇಕು... ಅಷ್ಟೇ.

ಮರುದಿನದಿಂದ ಆ ಒಲೆ ಆರಲೇ ಇಲ್ಲ. ಸೀರೆಗೆ ಫಾಲ್ ಹೊಲಿಯಲು ಕೋಠಿಯ ಅಂಗಡಿಗೆ ಹೊರಡುವ ಮೊದಲು ಶಾಮಲಾ ಕಟ್ಟಿಗೆ ನೂಕುವಳು. ಹಗಲೆಲ್ಲ ಅವ್ವ ಕೆಂಡ ಕಾಯುವಳು. ಪ್ರತಿ ಮುಂಜಾನೆ ಕಾಶಿನಾಥ ಬಾಗಿಲಿಗೆ ಬಂದು ನಿಲ್ಲುವನು.

"ಹತ್ತೈತೇನ್ರಿ?"

"ಹತ್ತೈತಿ."

ಎಂಟನೆಯ ದಿನ ಕಟ್ಟಿಗೆ ಮುಗಿಯಿತು. ಬೆಳಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಮುರಿದ ಕಿಟಕಿ ಚೌಕಟ್ಟುಗಳ ಒಂದು ಹೊರೆ!

"ನೀವ ಇಟ್ಟಿದ್ದೇನ್ರಿ?"

"ಗಾಳಿಗೆ ಬಂದಿರಬೇಕ್ರಿ ಅಕ್ಕಾರ."

"ಚೌಕಟ್ಟು ಗಾಳಿಗೆ ಬರತಾವೇನ್ರಿ? ಮತ್ತ... ಅಕ್ಕಾರ ಅನಬ್ಯಾಡ್ರಿ."

"ಏನ್ ಅನ್ಲಿ?"

"ಏನೂ ಅನಬ್ಯಾಡ್ರಿ. ನನ್ನ ಹೆಸರ ಶಾಮಲಾ."

ಅವನು ಸುತ್ತಿಗೆಯ ಹಿಡಿಕೆಯತ್ತ ನೋಡುತ್ತಾ ಮೊದಲ ಸಲ ನಕ್ಕ.

ಚೌಕಟ್ಟಿಗೆ ಹಸಿರು ಬಣ್ಣವಿತ್ತು. ಎದುರು ಕೋಣೆಯಲ್ಲಿದ್ದ ಅನ್ನಮ್ಮನ ಕಿಟಕಿ! ಅದರ ಬೆಂಕಿಯಲ್ಲಿ ಬೆಂದ ರೊಟ್ಟಿ ಆ ದಿನ ಶಾಮಲಾಳ ಗಂಟಲಲ್ಲಿ ಇಳಿಯಲಿಲ್ಲ. ಮರುದಿನದ್ದು ಇಳಿಯಿತು. ಅದು ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು. ಆದರೂ ಬೆಳಗಾಗುವುದನ್ನೇ ಕಾಯುತ್ತಿದ್ದಳು...

"ಕೆಡವೋದು ಬಿಟ್ಟು ಬ್ಯಾರೆ ಏನೂ ಬರಂಗಿಲ್ಲೇನ ನಿಮಗ?" ಒಂದು ದಿನ ಕೇಳಿದಳು.

"ಕಟ್ಟೋದೂ ಬರತೈತಿ. ಹೈಟೆಕ್ ಸಿಟಿಯಾಗ ಕಟ್ಟತೀವಿ, ಇಲ್ಲಿ ಕೆಡವತೀವಿ. ಎರಡೂ ಕಡೆ ನಾವು ಮಲಗೋದು ತಗಡಿನ ಕೆಳಗ."

ಈ ಒಂದು ಕೋಣೆ ಯಾಕೆ ಇನ್ನೂ ನಿಂತಿದೆ ಎಂದು ನರಹರಿ ಕೇಳಿದಾಗ ಕಾಶಿನಾಥ ಮುಚ್ಚಿಡಲಿಲ್ಲ. ಒಲೆಯ ಬಗ್ಗೆ ಹಿರಿಯರ ಕಟ್ಟಿನ ಮಾತನ್ನು ಇದ್ದದ್ದು ಇದ್ದಂತೆ ಹೇಳಿಬಿಟ್ಟ.

ನರಹರಿ ರೇಗಲಿಲ್ಲ. "ಎಂದಾದರೂ ಆರತೈತಲ್ಲ," ಎಂದಷ್ಟೇ ಅಂದ.

ಆಷಾಢದ ಒಂದು ಮುಂಜಾನೆ ಬಂಡೆಮ್ಮ ಏಳಲಿಲ್ಲ.

ಬಿಟ್ಟು ಹೋದ ಹತ್ತು ಮನೆಯವರೂ ಬಂದರು. ಅವ್ವನ ಆಸೆಯಂತೆ ಹೆಣ ಆ ಬಾಗಿಲಿನಿಂದಲೇ ಹೊರಬಿತ್ತು. ಕಾಶಿನಾಥ ಹೆಗಲು ಕೊಟ್ಟ. ಸುಡುಗಾಡಿನಲ್ಲಿ ಮಣ್ಣು ಕೊಡುವ ಹೊತ್ತಿಗೆ ಶಾಮಲಾ ಅವನಿಗಾಗಿ ಕಣ್ಣಾಡಿಸಿದಳು. ಅವನಿರಲಿಲ್ಲ.

ಗಲ್ಲಿಗೆ ಮರಳಿದಾಗ ಮನೆಗೆ ಸೂರೇ ಇರಲಿಲ್ಲ.

ಒಡೆದ ಗೋಡೆಗಳ ನಡುವೆ ಕಾಶಿನಾಥ ಸುತ್ತಿಗೆ ಹಿಡಿದು ನಿಂತಿದ್ದ. ಸೂಗಪ್ಪ ನೆಲ ನೋಡುತ್ತಾ ಗೊಣಗಿದ:

"ಒಲಿ ಹತ್ತಿರಲಿಲ್ಲವ್ವಾ..."

"ಸತ್ತ ಮನ್ಯಾಗ ಯಾರು ಒಲಿ ಹಚ್ಚತಾರೋ?"

ಶಾಮಲಾ ಚೀರಿದಳು. ಕಾಶಿನಾಥನ ಬಳಿ ಹೋಗಿ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಕಟಗಿ ತಂದು ಹಾಕಿದ್ದು ಇದಕ್ಕೇನ? ಯಾವಾಗ ಆರತೈತಿ ಅಂತ ಕಾಯಾಕತ್ತಿದ್ಯಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅನ್ನಮ್ಮ ಅವಳನ್ನು ಅಪ್ಪಿ ಕರೆದುಕೊಂಡು ಹೋದಳು, ಉಪ್ಪಲ್ ಆಚೆಯ ತನ್ನ ಹೊಸ ಬಾಡಿಗೆ ಮನೆಗೆ.

ಐದು ತಿಂಗಳು ಕಳೆದವು. ಕೋಠಿಯ ಅಂಗಡಿಯ ಮುಂದೆ ಒಂದು ಮಧ್ಯಾಹ್ನ ಕಾಶಿನಾಥ ಬಂದು ನಿಂತ. ಕೈಗಾಡಿಯ ಮೇಲೆ ಅವ್ವನ ತಗಡಿನ ಪೆಟ್ಟಿಗೆ, ಬೀಸುಕಲ್ಲು, ಅಪ್ಪನ ಫೋಟೋ... ಒಂದಕ್ಕೂ ಗೀರು ಬಿದ್ದಿರಲಿಲ್ಲ.

ಶಾಮಲಾಳ ಕೈಯಲ್ಲಿನ ಸೂಜಿ ನಿಂತಿತು. *ಇವನನ್ನು ನೋಡಬಾರದು...* ಅಂದುಕೊಂಡೇ ಮೆಟ್ಟಿಲಿಳಿದು ಬಂದಳು.

"ಈ ಐದು ತಿಂಗಳು ಎಲ್ಲಿದ್ವು ಇವು?"

"ನನ್ನ ತಗಡಿನ ಕೆಳಗ. ನಿನ್ನ ಅಂಗಡಿ ಈಗ ಗೊತ್ತಾತು. ಅವತ್ತ ಸುಡಗಾಡಿಗೆ ಬಿಲ್ಡರನ ಮಂದಿ ಬಂದು ನನ್ನ ಕರಕೊಂಡು ಹೋದ್ರು, ಶಾಮಲಾ. ನರಹರಿ ಸಾಹೇಬ ಗಲ್ಲಿ ಬಾಯಾಗ ಕೆಡವೋ ಮಷೀನ್ ನಿಲ್ಲಿಸಿದ್ದ. 'ನೀ ಕೆಡವ್ತೀಯೋ, ಸಾಮಾನು ಸಮೇತ ಅದು ಕೆಡವಲೋ' ಅಂದ. ನಾ ಮೊದಲ ಇವನ್ನೆಲ್ಲಾ ಹೊರಗ ತಂದೆ."

"ಆಮ್ಯಾಲ?"

"ಆಮ್ಯಾಲ... ಮೊದಲನೇ ಏಟು ನಂದ. ಸುಳ್ಳ ಹೇಳಂಗಿಲ್ಲ. ಕಟ್ಟಿನ ಮಾತು ಅವಂಗ ಹೇಳಿದವನೂ ನಾನ."

ಬಸ್ಸುಗಳು ಹಾರನ್ ಹೊಡೆಯುತ್ತಾ ಸಾಗಿದವು. ಶಾಮಲಾ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಐದು ತಿಂಗಳಿಂದ ಅವನನ್ನು ಶಪಿಸುತ್ತಲೇ ಇದ್ದಳು. ಈಗ ಶಾಪ ಬಾಯಿಗೆ ಬರುತ್ತಿಲ್ಲ! ಬರುತ್ತಿದ್ದುದು ಕಣ್ಣೀರು ಮಾತ್ರ.

"ದಿನಾ ಮುಂಜಾನೆ ನಿನ್ನ ದನಿ ಕೇಳತೈತಿ ನನಗ," ಎಂದಳು. "ಉಪ್ಪಲ್‌ದಾಗೂ ಕೇಳತೈತಿ. ಬ್ಯಾಡ ಅಂದ್ರೂ ಕೇಳತೈತಿ. ನಿನ್ನ ಮ್ಯಾಲ ಮನಸೈತಿ ಕಾಶಿನಾಥ... ಇನ್ನೇನ ಹೇಳ್ಲಿ?"

ಅವನ ಒರಟು ಬೆರಳುಗಳು ಅವಳ ಕೈಯನ್ನು ಹುಡುಕಿದವು. ಅವಳು ಬಿಡಿಸಿಕೊಳ್ಳಲಿಲ್ಲ.

"ಲಗ್ನ ಆಗೋಣು," ಅಂದ ಅವಸರದಲ್ಲಿ. "ಮನೀನೂ ಸಿಗತೈತಿ. ಬಿಲ್ಡಿಂಗ್ ಎದ್ದ ಮ್ಯಾಲ ನರಹರಿ ಸಾಹೇಬ ನನ್ನನ್ನ ಅಲ್ಲೇ ವಾಚ್‌ಮನ್ ಮಾಡತಾನಂತ. ಮೆಟ್ಟಲದ ಕೆಳಗ ಒಂದು ಕೋಣಿ ಕೊಡತಾನ. ಎಲ್ಲಿ ಗೊತ್ತೇನ? ನಿಮ್ಮ ಕೋಣಿ ಇದ್ದ ಜಾಗಾದಾಗನ! ನಿಮ್ಮವ್ವ ಇದ್ದ ಜಾಗಾ ನಿನಗ ತಿರುಗಿ ಬಂದಂಗ ಆತಲ್ಲ?"

ಅವನ ಕಣ್ಣುಗಳಲ್ಲಿ ಕಪಟವಿರಲಿಲ್ಲ. ಅವ್ವನ ಮನೆ ಕೆಡವಿಸಿದವನ ಕಟ್ಟಡವನ್ನೇ ಅವಳು ಇನ್ನು ಕಾಯುತ್ತಾ ಬದುಕಬೇಕಿತ್ತು. ತಾನು ಕೊಡುತ್ತಿರುವುದು ಏನೆಂದು ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ.

ತನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ಬರತೀ ಅಲ್ಲ, ಶಾಮಲಾ?"

"ಇಲ್ಲ. ಬರಂಗಿಲ್ಲ."